ಪೀಚ್ ಗಿಡಕ್ಕೆ ನಿಂತ ಜಾಮೀನು

ಪೀಚ್ ಹಣ್ಣಿನ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ಸಿಟ್ಟು ಬರುತ್ತದೆ. ಮೊನ್ನೆ ಹಣ್ಣಿನಂಗಡಿಯ ಮುಂದೆ ಆ ವಾಸನೆ ಬಂತು, ಕಾಲು ತಾನಾಗಿ ನಿಂತಿತು. ಒಂದನ್ನು ಕೈಗೆತ್ತಿಕೊಂಡೆ. ಮೈಮೇಲೆ ಅದೇ ನವಿರು ರೋಮ, ಒಂದು ಕೆನ್ನೆ ಹಳದಿ, ಒಂದು ಕೆನ್ನೆ ಕೆಂಪು. ಐಮಂಗಲದ ನಮ್ಮ ಹಿತ್ತಲು ಕಣ್ಣಮುಂದೆ ಬಂತು, ಬಚ್ಚಲ ನೀರು ಹರಿದು ಸದಾ ಒದ್ದೆಯಾಗಿರುತ್ತಿದ್ದ ಆ ಮೂಲೆ ಬಂತು. ಈಗ ಅಲ್ಲಿ ಹಿತ್ತಲೂ ಇಲ್ಲ, ಮನೆಯೂ ಇಲ್ಲ. ಹೆದ್ದಾರಿ ಅಗಲವಾದಾಗ ಎಲ್ಲಾ ಹೋಯಿತು. ನಿಮ್ಮಲ್ಲೂ ಕೆಲವರಿಗೆ ಹೀಗೆ ರಸ್ತೆಯ ಅಡಿಗೆ ಹೋದ ಮನೆ ಇದ್ದೀತು, ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ.

ಎಪ್ಪತ್ತರ ದಶಕದ ಮಾತು. ನನಗೆ ಎಂಟು ವರ್ಷ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಈರುಳ್ಳಿ ಲೋಡಿನ ಜೊತೆ ಬೆಂಗಳೂರಿಗೆ ಹೋಗಿ ಬರುವವನು. ಬರುವಾಗ ಎಲ್ಲರೂ ಬಾಳೆಹಣ್ಣು ತಂದರೆ ಇವನು ಟವಲಿನಲ್ಲಿ ನಾಲ್ಕು ಪೀಚ್ ಕಟ್ಟಿಕೊಂಡು ಬಂದ. "ತಿಂದು ನೋಡು ಗೌರಿ, ಮಾವಿನಹಣ್ಣು ಇದರ ಮುಂದೆ ನಿವಾಳಿಸಿ ಎಸೀಬೇಕು" ಅಂದ. ಕಚ್ಚಿದೆ. ರಸ ಮೊಣಕೈವರೆಗೆ ಇಳಿಯಿತು. ಅಯ್ಯೋ, ಆ ರುಚಿ! ಮೊಣಕೈಯನ್ನೂ ನೆಕ್ಕಿದೆ. ನಾಲ್ಕು ಓಟೆಗಳನ್ನು ತೊಳೆದು ಬಚ್ಚಲ ಮೂಲೆಯಲ್ಲಿ ಇಬ್ಬರೂ ಹೂತೆವು. ಅವ್ವ ನಕ್ಕಳು, "ಬಿಸ್ಲಿಗೆ ಜಾಲಿ ಬೆಳೆಯೋ ಊರು ಇದು, ಬೆಂಗ್ಳೂರಿನ ಹಣ್ಣು ಬರ್ತೈತಾ?" ಬಂತು. ಮೂರು ಸತ್ತವು, ಒಂದು ಮೊಳೆಯಿತು.

ಆಮೇಲೆ ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತು. ಸಂಜೆಯಾದರೆ ಚಿಕ್ಕಪ್ಪ ಬಾವಿ ಹೊಲದಲ್ಲಿ ಕಡ್ಡಿ ಹಿಡಿದು ನೆಲದ ಮೇಲೆ ಸಾಲು ಗೀಚುತ್ತಿದ್ದ. ಇಲ್ಲಿ ಪೀಚ್, ಇಲ್ಲಿ ದಾಳಿಂಬೆ, ಬದುವಿಗೆ ಅಂಜೂರ. ಹೈವೇಯಲ್ಲಿ ಬಸ್ಸು ನಿಂತಾಗ ನಾನು ಬುಟ್ಟಿ ಹೊತ್ತು ಹೋಗಿ ಮಾರುವುದು. "ಮೊದ್ಲ ಬುಟ್ಟಿ ನಂದೇ" ಎನ್ನುತ್ತಿದ್ದೆ. "ಮೊದ್ಲ ಬುಟ್ಟಿ ಇಬ್ರೂ ಕುಂತು ತಿನ್ನಾಣ, ಮಾರಾದು ಆಮೇಲೆ" ಎನ್ನುತ್ತಿದ್ದ. ದೊಡ್ಡವರು ಚಿಕ್ಕವರ ಜೊತೆ ಆಡುವ ಆಟ ಅದು ಎಂದು ನನಗೆ ಹೇಗೆ ಗೊತ್ತಾಗಬೇಕು? ನಾನು ನಂಬಿದೆ. ಗಿಡ ನನಗಿಂತ ಎತ್ತರವಾಯಿತು, ಆದರೆ ಹೂವಿನ ಸುಳಿವಿಲ್ಲ.

ನಮ್ಮ ಮನೆಯಲ್ಲೊಂದು ಪದ್ಧತಿಯಿತ್ತು. ಆಯುಧಪೂಜೆಗೆ ಕೊಡಲಿಗೆ ವಿಭೂತಿ ಬಳಿದು, ಮಾರನೆ ಬೆಳಿಗ್ಗೆ ಫಲ ಬಿಡದ ಮರಕ್ಕೆ ಅದನ್ನು ತೋರಿಸುವುದು. ಅಪ್ಪ ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ತಟ್ಟಿ "ಹಣ್ಣು ಬಿಡ್ತೀಯೋ, ಕಡಿದು ಒಲೆಗೆ ಹಾಕ್ಲೋ?" ಎಂದು ಮೂರು ಸಲ ಕೇಳುವನು. ಮೂರನೆಯ ಸಲಕ್ಕೆ ಮರದ ಪರವಾಗಿ ಒಬ್ಬರು ಮಾತಾಡಬೇಕು. ಮರ ಅದನ್ನೆಲ್ಲ ಕೇಳಿಸಿಕೊಂಡು ಹೆದರಿ ಮುಂದಿನ ವರ್ಷ ಬಿಡುತ್ತದಂತೆ. ನಿಂಬೆ ಗಿಡ ಹಾಗೆ ಹೆದರಿಯೇ ಕಾಯಿ ಬಿಟ್ಟು ಜೋತುಬಿದ್ದಿತ್ತು. ಪೀಚ್ ಗಿಡದ ಜಾಮೀನು ಚಿಕ್ಕಪ್ಪನದು. "ಬ್ಯಾಡಣ್ಣ, ಕಡೀಬ್ಯಾಡ. ಬರೋ ವರ್ಷ ಬಿಟ್ಟೇ ಬಿಡ್ತೈತೆ, ನಾನು ಜಾಮೀನು" ಎಂದು ಎರಡು ವರ್ಷ ನಿಂತಿದ್ದ.

ಮೂರನೆಯ ವರ್ಷ, ಹಿಂದಿನ ಸಂಜೆ, ಯಾಕೋ ಭಯವಾಗಿ, ನಾಳೆಯೂ ಜಾಮೀನು ನಿಲ್ಲುತ್ತೀಯಲ್ಲ ಎಂದು ಚಿಕ್ಕಪ್ಪನನ್ನು ಕೇಳಿದೆ. "ಲೇ ಹುಚ್ಚಿ, ನಾನಿದೀನಲ್ಲ" ಎಂದು ತಲೆ ಸವರಿದ. ಬೆಳಿಗ್ಗೆ ಅಪ್ಪ ತಟ್ಟಿದ, ಕೇಳಿದ. ಮತ್ತೆ ತಟ್ಟಿದ, ಕೇಳಿದ. ಮೂರನೆಯ ಸಲ ಕೇಳಿ ನಿಂತ. ನಾನು ನಗುತ್ತಾ ಚಿಕ್ಕಪ್ಪನ ಕಡೆ ತಿರುಗಿದೆ. ಅವನು ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದ. ಬಾಯಿ ಬಿಡಲಿಲ್ಲ. ತಮಾಷೆಗೆ ಸತಾಯಿಸುತ್ತಿದ್ದಾನೆ ಎಂದುಕೊಂಡೆ. ಅಪ್ಪ ಕೊಡಲಿ ತಿರುಗಿಸಿ ಹಿಡಿದ. ಮೊದಲ ಚಕ್ಕೆ ಹಾರಿ ನನ್ನ ಲಂಗಕ್ಕೆ ಬಿದ್ದಾಗಲೂ ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವನ ಬಾಯನ್ನೇ ನೋಡುತ್ತಿದ್ದೆ. ತೊಡೆಗಾತ್ರವೂ ಇರದ ಗಿಡ, ಎಷ್ಟು ಹೊತ್ತು ಬೇಕು?

ಚಿಕ್ಕಪ್ಪನಿಗೆ ಹೆಣ್ಣು ಗೊತ್ತಾಗಿತ್ತು. ಮದುಮಕ್ಕಳಿಗೆ ಬೇರೆ ಕೋಣೆ ಬೇಕು, ಕೋಣೆಗೆ ಆ ಮೂಲೆಯೇ ಆಗಬೇಕು ಎಂದು ಅಣ್ಣತಮ್ಮ ಮಾತಾಡಿಕೊಂಡು ವಾರವಾಗಿತ್ತಂತೆ. ಇದನ್ನು ಅವ್ವ ಆಮೇಲೆ ಹೇಳಿದಳು. ನಾನು ಅನ್ನ ಬಿಟ್ಟು ಅತ್ತಾಗ "ಗಿಡ ತಾನೆ, ಬಿಡೆ. ಮನೆಗೆ ಸೊಸೆ ಬರ್ತಾಳೆ" ಅಂದಳು. ಕೋಣೆ ಎದ್ದಿತು, ಚಿಕ್ಕಮ್ಮ ಬಂದಳು, ಒಳ್ಳೆಯವಳೇ. ಕಡಿಯುವುದೇ ಇದ್ದರೆ ಕಡಿಯಬಹುದಿತ್ತು, ನನ್ನದೇನು ತಕರಾರು? ಹಿಂದಿನ ಸಂಜೆ ನನ್ನ ತಲೆ ಯಾಕೆ ಸವರಬೇಕಿತ್ತು? ಬಾವಿ ಹೊಲದ ಕಡೆ ಚಿಕ್ಕಪ್ಪನ ಜೊತೆ ನಾನು ಮತ್ತೆ ಹೋಗಲಿಲ್ಲ. ಅವನೂ ಕರೆಯಲಿಲ್ಲ.

ಎಷ್ಟೋ ವರ್ಷದ ಮೇಲೆ, ನನ್ನ ಮಗಳನ್ನು ತೊಡೆಯ ಮೇಲೆ ಆಡಿಸುತ್ತಿದ್ದ ಅವನನ್ನು ಕೇಳಿಯೇ ಬಿಟ್ಟೆ, "ಅವತ್ತು ಯಾಕೆ ಮಾತಾಡ್ಲಿಲ್ಲ ಚಿಕ್ಕಪ್ಪ?" ಅವನು ತಡವರಿಸಲೂ ಇಲ್ಲ. "ನೀನು ಹೇಳ್ತೀಯ ಅಂತ ನಿನ್ನ ಮಕಾನೇ ನೋಡ್ತಾ ನಿಂತಿದ್ದೆ ಕಣವ್ವ. ನೀನೊಂದು ಮಾತು ಬ್ಯಾಡ ಅಂದಿದ್ರೆ ಅಣ್ಣ ಕೊಡ್ಲಿ ಇಳಿಸ್ತಿದ್ದ. ನೀನೂ ಸುಮ್ಕಿದ್ದೆಯಲ್ಲ!"

ಸುಳ್ಳು. ಅವನು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಗಿಡ ಹೋದದ್ದನ್ನು ನಾನು ಎಂದೋ ಮರೆತುಬಿಡುತ್ತಿದ್ದೆ. ಈ ಮಾತೊಂದನ್ನು ಮರೆಯಲು ಆಗಿಲ್ಲ. ಯಾಕೆಂದರೆ ಬಾಯಿ ನನಗೂ ಇತ್ತು. ಅಪ್ಪ ಮೂರನೆಯ ಸಲ ಕೇಳಿ, ನಿಜವಾಗಿಯೂ ಒಂದು ಗಳಿಗೆ ಕಾದಿದ್ದ. ಚಿಕ್ಕಪ್ಪ ಹೋದ ದಿನ ಎಲ್ಲರ ಜೊತೆ ನಾನೂ ಮಣ್ಣಿಗೆ ಹೋದೆ, ಅಳುತ್ತಲೇ ಒಂದು ಹಿಡಿ ಮಣ್ಣು ಹಾಕಿದೆ. "ಹೋಗು ಚಿಕ್ಕಪ್ಪ, ಕ್ಷಮಿಸಿದೀನಿ" ಎಂದು ಒಂದು ಮಾತು ಅನ್ನಬೇಕೆಂದು ಬಾಯವರೆಗೆ ಬಂತು. ಅವತ್ತೂ ಸುಮ್ಮನೆ ನಿಂತಿದ್ದೆ.