ಕಾಯಿ ಕ್ಯಾತಪ್ಪನ ಕಿವಿ

ಹಿರಿಯೂರಿನ ಸಂತೆಯಲ್ಲಿ ತೆಂಗಿನಕಾಯಿ ಮಾರುವ ಕ್ಯಾತಪ್ಪನಿಗೆ ಕಿವಿ ಕೈಕೊಟ್ಟು ಹತ್ತು ವರ್ಷವಾಯಿತು. ಗಾಳಿಯಲ್ಲಿ ಬಂದ ಸದ್ದು ಅವನ ಕಿವಿಯ ಬಾಗಿಲಲ್ಲೇ ನಿಂತುಬಿಡುತ್ತದೆ. ಮೂಳೆಯಲ್ಲಿ ಬಂದದ್ದು ಮಾತ್ರ ನೇರ ಒಳಗೆ ಹೋಗುತ್ತದೆ. ಅದಕ್ಕೇ ಪ್ರತಿ ಕಾಯಿಯನ್ನೂ ಕಿವಿಯ ಹಿಂದಿನ ಮೂಳೆಗೆ ಒತ್ತಿ ಅಲ್ಲಾಡಿಸಿ, "ಬಲ್ತೈತೆ, ತಗಳ್ರಿ" ಎಂದು ತೀರ್ಪು ಕೊಡುತ್ತಾನೆ. ಬೆನ್ನ ಹಿಂದೆ ಲಾರಿ ಹಾರನ್ ಬಡಿದುಕೊಂಡರೆ, "ಯಾರೋ ಕರೆದಂಗಾತು" ಎಂದು ಆಕಾಶ ನೋಡುತ್ತಾನೆ. ರೇಟು ಇಳಿಸಿರೆಂದು ಗಿರಾಕಿ ಅರಚಿದರೆ ಕಿವಿ ತೋರಿಸಿ ನಗುತ್ತಾನೆ. ಹೆಂಡತಿ ಪುಟ್ಟಕ್ಕ ಅರಚುವವಳಲ್ಲ. ಮಧ್ಯಾಹ್ನ ಬುತ್ತಿ ಇಳಿಸಿ, ಇಡೀ ಸಂತೆಯೆದುರೇ ಅವನ ಹಣೆಗೆ ಹಣೆ ಆನಿಸಿ, "ಉಣ್ಣಾಕ್ ಬರ್ರಿ" ಎಂದು ಮೆಲ್ಲಗೆ ಹೇಳುತ್ತಾಳೆ. ಅಷ್ಟರಲ್ಲೇ ಕೈ ತೊಳೆಯಲು ಚೊಂಬು ಹಿಡಿದಿರುವ ಕ್ಯಾತಪ್ಪ, "ಏನಂದೆ?" ಎಂದು ಮತ್ತೆ ಹಣೆ ಒಡ್ಡುತ್ತಾನೆ.