ನಾಲ್ಕು ಸ್ಕ್ರೂ ಬಿಚ್ಚುವ ಅಂಗಡಿ

ಹೊಸ ಬೇಸ್ ಗಿಟಾರೊಂದನ್ನು ನನ್ನ ಭಾವನ ಕೈಗೆ ಕೊಟ್ಟರೆ ಹದಿನೈದೇ ದಿನದಲ್ಲಿ ಅದಕ್ಕೆ ಐವತ್ತು ವರ್ಷ ತುಂಬಿಸಿಬಿಡುತ್ತಿದ್ದರು. ನಾಲ್ಕು ದಪ್ಪ ತಂತಿಯ, ಕರೆಂಟಿಗೆ ಹಾಕಿದರೆ ಎದೆಯೊಳಗೇ ಗುಂಯ್ ಎನ್ನುವ ವಾದ್ಯ ಅದು. ಹಳೇ ಕಾಲದ ಬೇಸ್‌ಗಳ ತದ್ರೂಪು ಮಾಡಿ ಮಾರುವುದು ಅವರ ಕಸುಬು. ಅಸಲಿ ಹಳೆಯದಕ್ಕೆ ಸ್ಕೂಟರಿನ ಬೆಲೆ, ತದ್ರೂಪಿಗೆ ಸೈಕಲ್ಲಿನ ಬೆಲೆ. ಅವರು ಮಾಡುತ್ತಿದ್ದರು, ನಾನು ಮಾರುತ್ತಿದ್ದೆ. ಅಕ್ಕನ ಗಂಡ ಎಂಬ ಸಲಿಗೆಯಲ್ಲಿ ಅವರ ಅಂಗಡಿಗೆ ಸೇರಿಕೊಂಡವನು ಒಂಬತ್ತು ವರ್ಷ ಅಲ್ಲಿಂದ ಕದಲಲಿಲ್ಲ.

ಮೊದಲು ಅವರು ಬಸ್ಸು ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಣ್ಣದ ಹೊಗೆ ಕುಡಿದು ಕುಡಿದು ಎದೆ ಕಟ್ಟಿಕೊಂಡು, ಡಾಕ್ಟರು ಚೆನ್ನಾಗಿ ಬೈದ ಮೇಲೆ ಗ್ಯಾರೇಜು ಬಿಟ್ಟರು. ಅದೇ ಹೊತ್ತಿಗೆ ಯಾರೋ ವಾದ್ಯದವರು ಬಣ್ಣ ಕಿತ್ತುಹೋದ ಹಳೇ ಬೇಸ್ ತಂದು, ಹೊಸದರ ಹಾಗೆ ಮಾಡಿಕೊಡಿ ಎಂದರಂತೆ. ಇವರು ಮೂರು ದಿನ ಅದನ್ನು ಎದುರಿಗಿಟ್ಟುಕೊಂಡು ಕೂತು, ‘ಇದಕ್ಕೆ ಬಣ್ಣ ಬಳಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ, ಬೇಕಾದ್ರೆ ಇದೇ ಥರದ್ದು ಇನ್ನೊಂದು ಮಾಡಿಕೊಡ್ತೀನಿ’ ಎಂದು ವಾಪಸ್ ಕೊಟ್ಟರಂತೆ. ಕಸುಬು ಶುರುವಾದದ್ದು ಹಾಗೆ.

ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು. ಸ್ಯಾಂಡ್‌ಪೇಪರ್ ಹಿಡಿಯುವ ಮೊದಲು ಅರ್ಧ ದಿನ ಸುಮ್ಮನೆ ಕೂರುತ್ತಿದ್ದರು. ಕೇಳಿದರೆ, ‘ಸವೆತ ಸುಮ್‌ಸುಮ್ನೆ ಬರಲ್ಲ ಕಣಪ್ಪಾ. ನುಡಿಸಿದವನು ಎಂಥವನು ಅಂತ ಮೊದಲು ಗೊತ್ತಾಗ್ಬೇಕು’ ಎನ್ನುತ್ತಿದ್ದರು. ಹುಟ್ಟದೇ ಇದ್ದ ಮನುಷ್ಯನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದರು. ‘ಇವನಿಗೆ ಹೊಟ್ಟೆ ಇದೆ, ಹಾಗಾಗಿ ಬೇಸ್ ಓರೆಯಾಗಿ ನಿಲ್ಲುತ್ತೆ, ಬೆಲ್ಟಿನ ಬಕಲ್ ಇಲ್ಲಿ ಉಜ್ಜುತ್ತೆ.’ ಅಲ್ಲಿ ಮಾತ್ರ ಗೀರು ಬೀಳುತ್ತಿತ್ತು. ಬಲಗೈ ಒರಗುವ ಅಂಚಿನಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಟೀ ಡಿಕಾಕ್ಷನ್ ಒರೆಸಿ ಮರಕ್ಕೆ ಹಳದಿ ತರಿಸುತ್ತಿದ್ದರು, ಸ್ಕ್ರೂಗಳನ್ನು ವಿನೆಗರ್ ಬಟ್ಟಲ ಮೇಲಿಟ್ಟು ತುಕ್ಕು ಹಿಡಿಸುತ್ತಿದ್ದರು. ಅಕ್ಕ ಹೇಳುತ್ತಿದ್ದಳು, ‘ನಮ್ಮನೇಲಿ ಹೊಸ ಸಾಮಾನು ಇಡೋ ಹಾಗೇ ಇಲ್ಲ, ಇವರ ಕೈ ತಾಗಿದ್ರೆ ಮುಪ್ಪು ಬರುತ್ತೆ. ನಂಬಿಕೆ ಇಲ್ದಿದ್ರೆ ನನ್ನನ್ನೇ ನೋಡು.’ ವಾದ್ಯದವರೆಲ್ಲ ಭಾವನನ್ನು ಮುಪ್ಪಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆ ಹೆಸರು ಅವರಿಗೂ ಇಷ್ಟವೇ ಇತ್ತು.

ಅವರದೊಂದು ಪದ್ಧತಿ ಇತ್ತು. ಬೇಸ್‌ನ ಉದ್ದನೆಯ ಕತ್ತು ಹೊಟ್ಟೆಗೆ ನಾಲ್ಕು ಸ್ಕ್ರೂಗಳಿಂದ ಕೂತಿರುತ್ತದೆ. ಆ ಕತ್ತು ಕೂರುವ ತಗ್ಗಿನೊಳಗೆ, ಹೊರಗಿನವರಿಗೆ ಕಾಣದ ಜಾಗದಲ್ಲಿ, ಕಾದ ಕಡ್ಡಿಯಿಂದ ‘ತದ್ರೂಪು’ ಎಂದು ಸುಟ್ಟು ಬರೆಯುತ್ತಿದ್ದರು. ಬರೆದರೆ ಸಾಲದು. ಮಾರುವಾಗ ತಂತಿ ಸಡಿಲಿಸಿ, ಸ್ಕ್ರೂ ಬಿಚ್ಚಿ, ಗಿರಾಕಿಯ ಕೈಯಲ್ಲೇ ಆ ಅಕ್ಷರವನ್ನು ಮುಟ್ಟಿಸಿ, ಮತ್ತೆ ಜೋಡಿಸಿ, ಶ್ರುತಿ ಕೂಡಿಸಿ ಕೊಡಬೇಕು. ಅರ್ಧ ಗಂಟೆಯ ಕೆಲಸ. ಯಾರಾದರೂ ಬೇಸ್ ಮಾರಲು ತಂದರೂ ಅಷ್ಟೇ, ಬಿಚ್ಚಿ ನೋಡದೆ ಕೊಳ್ಳುತ್ತಿರಲಿಲ್ಲ. ಕೊಳ್ಳಬೇಕೆಂಬ ಉತ್ಸಾಹದಲ್ಲಿ ಬಂದವನು ಆ ಅಕ್ಷರ ನೋಡುತ್ತಿದ್ದ ಹಾಗೇ ಮುಖ ಇಳಿಸಿಕೊಳ್ಳುತ್ತಿದ್ದ. ‘ಯಾಕೆ ಭಾವ, ಬಾಯಲ್ಲಿ ಹೇಳಿದ್ರೆ ಸಾಲದಾ?’ ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ‘ನಾವು ಹೇಳಿದ್ದು ಇವನಿಗೆ ಗೊತ್ತಿರುತ್ತೆ. ನಾಳೆ ಇವನ ಹತ್ರ ಕೊಳ್ಳೋನಿಗೆ?’ ಎನ್ನುತ್ತಿದ್ದರು. ನನಗೆ ಅದು ಅತಿ ಎನ್ನಿಸುತ್ತಿತ್ತು.

ಭಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎರಡು ವಾರ ಅಂಗಡಿ ನನ್ನ ಕೈಗೆ ಬಂತು. ನಮ್ಮಲ್ಲಿ ಎಡಗೋಡೆಗೆ ತದ್ರೂಪು, ಬಲಗೋಡೆಗೆ ಅಲ್ಲೊಂದು ಇಲ್ಲೊಂದು ಸಿಕ್ಕಿದ ಅಸಲಿ. ಗುಡಿಸುವಾಗ ನಾನು ಎಡಗಡೆಯದೊಂದನ್ನು ತೆಗೆದು ಬಲಗಡೆ ನೇತುಹಾಕಿದೆ. ಕೈತಪ್ಪಿ ಆಯಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಹೇಗೆ ಕಾಣುತ್ತೆ ನೋಡೋಣ ಎಂದೇ ಹಾಕಿದ್ದು.

ಮೂರನೇ ದಿನ ಒಬ್ಬ ಟೀಚರ್ ಬಂದರು. ಶಾಲೆಯಲ್ಲಿ ಸಂಗೀತ ಕಲಿಸುವವರು, ಒಂಟಿ ಹೆಂಗಸು, ತಂದೆಯ ಜೊತೆ ಇದ್ದರು. ತಂದೆ ಹರೆಯದಲ್ಲಿ ಹೋಟೆಲಿನ ವಾದ್ಯಮೇಳದಲ್ಲಿ ಬೇಸ್ ನುಡಿಸುತ್ತಿದ್ದವರಂತೆ, ಯಾವುದೋ ಕಷ್ಟಕ್ಕೆ ಅದನ್ನು ಮಾರಿಬಿಟ್ಟಿದ್ದರಂತೆ. ಅದೇ ಕಾಲದ್ದೊಂದು ಅವರ ಕೈಗಿಡಬೇಕು ಎಂದು ಟೀಚರಿಗೆ ಆಸೆ. ಬಲಗೋಡೆಯ ಮುಂದೆ ನಿಂತು, ‘ಇದು ನಿಜವಾಗ್ಲೂ ಆಗಿನ ಕಾಲದ್ದಾ?’ ಎಂದರು.

‘ನೋಡಿದ್ರೆ ಗೊತ್ತಾಗುತ್ತಲ್ಲ ಮೇಡಂ’ ಎಂದೆ.

ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆ ಗೀರುಗಳ ಮೇಲೆ ಅವರು ಬೆರಳಾಡಿಸುತ್ತ ಕಣ್ಣು ಒದ್ದೆ ಮಾಡಿಕೊಂಡದ್ದನ್ನು ನೋಡಿಯೂ ನೋಡದವನ ಹಾಗೆ ನಿಂತಿದ್ದೆ. ಸ್ಕೂಟರಿನ ಬೆಲೆ ಹೇಳಿದೆ. ಅವರು ಚೌಕಾಸಿ ಮಾಡಲಿಲ್ಲ. ಸ್ಕ್ರೂ ಬಿಚ್ಚಲಿಲ್ಲ.

ಭಾವ ಬಂದ ಮೇಲೆ ಸೈಕಲ್ಲಿನ ಬೆಲೆಯನ್ನಷ್ಟೇ ಅವರಿಗೆ ಒಪ್ಪಿಸಿದೆ. ಮಿಕ್ಕದ್ದನ್ನು ಖರ್ಚು ಮಾಡಲು ಧೈರ್ಯವಿಲ್ಲದೆ ಬಟ್ಟೆಗಳ ಅಡಿ ಇಟ್ಟೆ. ಆಮೇಲೆ ಅಕ್ಕನಿಗೆ ಬಟ್ಟೆ ಒಗೆಯುವ ಮಷೀನು ತಂದುಕೊಟ್ಟು, ಲಾಟರಿಯಲ್ಲಿ ಬಂತು ಎಂದೆ. ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಳು. ನನ್ನ ತಮ್ಮನ ಅದೃಷ್ಟ ನೋಡಿ ಎಂದು ಅವಳು ಹೇಳುವಾಗ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ.

ನಾಲ್ಕು ತಿಂಗಳಾದ ಮೇಲೆ ಟೀಚರ್ ಅದೇ ಬೇಸ್ ಹೊತ್ತುಕೊಂಡು ಬಂದರು. ತಂದೆಗೆ ಬೆರಳು ಮಡಚಲು ಆಗುತ್ತಿರಲಿಲ್ಲವಂತೆ. ನುಡಿಸುವವರ ಕೈಯಲ್ಲಿ ಇರಲಿ, ಮಾರಿಬಿಡು ಎಂದರಂತೆ. ಭಾವ ಅವರನ್ನು ಕೂರಿಸಿ, ಚೀಲದಿಂದ ತೆಗೆದು, ಎಂದಿನಂತೆ ತಂತಿ ಸಡಿಲಿಸಲು ಶುರು ಮಾಡಿದರು. ತಮ್ಮ ಕೈಕೆಲಸ ಅವರಿಗೆ ಮುಟ್ಟಿದ ಕೂಡಲೇ ಗೊತ್ತಾಗಿರಬೇಕು. ಆದರೂ ಇಲ್ಲೇ ಕೊಟ್ಟು ಕೊಂಡೆ ಎಂದು ಟೀಚರ್ ಹೇಳುತ್ತಿದ್ದ ಬೆಲೆ ಕೇಳಿ ಅವರ ಕೈ ಒಂದು ಗಳಿಗೆ ನಿಂತಿತು. ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಆಗಲೂ ಅವರು ಬಿಚ್ಚುವುದನ್ನು ನಿಲ್ಲಿಸಬಹುದಿತ್ತು. ಕೇಳಿದಷ್ಟು ಕೊಟ್ಟು ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಅವರು ನಾಲ್ಕನೇ ಸ್ಕ್ರೂವನ್ನೂ ತೆಗೆದು, ಕತ್ತು ಬೇರ್ಪಡಿಸಿ, ಟೀಚರ್ ಮುಂದೆ ಹಿಡಿದರು.

‘ಇದು ತದ್ರೂಪಮ್ಮ. ಅಸಲಿ ಅಂತ ನಿಮಗೆ ಕೊಟ್ಟಿದ್ದು ಮೋಸ. ಈ ಅಂಗಡಿಯಲ್ಲಿ ಏನೇ ಆದರೂ ಮಾಡಿದವನು ನಾನೇ. ತಪ್ಪಾಯ್ತು.’

ಟೀಚರ್ ಆ ಅಕ್ಷರದ ಮೇಲೆ ಬೆರಳಾಡಿಸಿದರು. ‘ನಮ್ಮಪ್ಪ ಅದನ್ನ ಎದೆಗೆ ಒತ್ಕೊಂಡು ಅತ್ತಿದ್ರು’ ಎಂದರು. ಆಮೇಲೆ, ‘ನಾಚಿಕೆ ಆಗಲ್ವಾ ನಿಮಗೆ, ಈ ವಯಸ್ಸಿನಲ್ಲಿ?’ ಎಂದರು.

‘ಆಗುತ್ತಮ್ಮ’ ಎಂದರು ಭಾವ.

ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು, ತೆರೆಯಲಿಲ್ಲ. ಟೀಚರ್ ಕೊಟ್ಟಿದ್ದ ಹಣವನ್ನೆಲ್ಲ ಭಾವ ವಾಪಸ್ ಕೊಟ್ಟರು. ಅದಕ್ಕಾಗಿ ಬಲಗೋಡೆಯ ಒಂದು ಅಸಲಿ ಬೇಸನ್ನು ಮಾರಬೇಕಾಯಿತು. ಟೀಚರ್ ಹೋದ ಮೇಲೆ ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ, ಕಪಾಳಕ್ಕೆ ಎರಡು ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಿಚ್ಚಿದ ನಾಲ್ಕು ಸ್ಕ್ರೂಗಳನ್ನು ಆಯ್ದು ಡಬ್ಬಕ್ಕೆ ಹಾಕಿ, ಮಧ್ಯಾಹ್ನದ ಊಟಕ್ಕೆ ನನ್ನನ್ನು ಕಳಿಸಿದರು.

ಟೀಚರಿಗೆ ವಾದ್ಯದವರೆಲ್ಲ ಗೊತ್ತು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಮುಪ್ಪಿನ ಮೇಸ್ತ್ರಿ ಎನ್ನುತ್ತಿದ್ದವರು ಟೋಪಿ ಮೇಸ್ತ್ರಿ ಎನ್ನತೊಡಗಿದರು. ಹತ್ತು ವರ್ಷದ ಹಿಂದೆ ಕೊಂಡವರೂ ಬೇಸ್ ಎತ್ತಿಕೊಂಡು ಬಂದು, ಇನ್ನೊಂದು ಸಲ ಬಿಚ್ಚಿ ತೋರಿಸಿ ಎಂದರು. ಅವರಿಗೆ ಕೊಂಡ ದಿನವೇ ತೋರಿಸಿ ಕೊಟ್ಟಿತ್ತು, ಅದು ಅವರಿಗೂ ನೆನಪಿತ್ತು. ಆದರೂ ಬಂದರು. ಭಾವ ಒಬ್ಬರಿಗೂ ಇಲ್ಲ ಎನ್ನದೆ, ಆಪರೇಷನ್ ಆದ ಕಣ್ಣು ಕಿರಿದು ಮಾಡಿಕೊಂಡು, ಒಂದೊಂದನ್ನೂ ಬಿಚ್ಚಿ, ತೋರಿಸಿ, ಜೋಡಿಸಿ ಕೊಟ್ಟರು. ಅವರ ಪಕ್ಕದಲ್ಲಿ ನಾನು ಸ್ಕ್ರೂಗಳನ್ನು ಹಿಡಿದುಕೊಂಡು ನಿಲ್ಲುತ್ತಿದ್ದೆ.

ಹೀಗೆ ಒಂದು ತಿಂಗಳು ಕಳೆಯಿತು. ಒಂದು ದಿನ ಅಂಗಡಿಯ ಎದುರಿಗೇ ಯಾರೋ, ‘ಏನ್ ಟೋಪಿ ಮೇಸ್ತ್ರಿ, ವ್ಯಾಪಾರ ಹೇಗಿದೆ?’ ಎಂದು ನಗುತ್ತ ಹೋದರು. ಭಾವನೂ ನಕ್ಕರು. ಆ ನಗುವನ್ನು ನೋಡಲಾರದೆ ನಾನು ಎದ್ದು ನೇರ ಟೀಚರ್ ಮನೆಗೆ ಹೋದೆ.

ಎರಡನೇ ಮಹಡಿ. ಬಾಗಿಲಲ್ಲಿ ಕಲಿಯಲು ಬಂದ ಮಕ್ಕಳ ಚಪ್ಪಲಿಗಳು. ಒಳಗೆ ಕಿಟಕಿಯ ಬಳಿ ಅವರ ತಂದೆ ಊದಿದ ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ನಿಂತಲ್ಲೇ ಹೇಳಿದೆ. ‘ಮೇಡಂ, ಅವತ್ತು ಮೋಸ ಮಾಡಿದ್ದು ನಾನು. ಭಾವನಿಗೆ ಗೊತ್ತೇ ಇರಲಿಲ್ಲ. ಅವರು ಆಸ್ಪತ್ರೆಯಲ್ಲಿದ್ರು.’

ಟೀಚರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖ ಮೆತ್ತಗಾಯಿತು.

‘ಪಾಪ, ನಿಮ್ಮನ್ನ ಕಳಿಸಿದ್ರಾ? ಹೆಸರು ಕೆಡ್ತಿದೆ ಅಂತ ಈಗ ನಿಮ್ಮ ತಲೆಗೆ ಕಟ್ಟೋಕೆ ನೋಡ್ತಿದ್ದಾರಾ? ಅವತ್ತು ಅವರೇ ಬಾಯಿಬಿಟ್ಟು ಒಪ್ಕೊಂಡಿದ್ದಾರಲ್ಲ. ನೀವು ಅವರ ಅನ್ನದಲ್ಲಿದ್ದೀರಿ, ಅವರು ಹೇಳಿದ ಹಾಗೆ ಮಾರಿದ್ರಿ, ನನಗೆ ಅರ್ಥ ಆಗುತ್ತೆ. ಬೇರೆ ಕಡೆ ಕೆಲಸ ನೋಡ್ಕೊಳ್ಳಿ. ಅಂಥವರ ಜೊತೆ ಇರಬೇಡಿ.’

ಅವರು ನೀರು ತಂದುಕೊಟ್ಟರು. ನಾನು ಕುಡಿದೆ. ಅಲ್ಲ ಮೇಡಂ ಎನ್ನಬೇಕಿತ್ತು. ನನ್ನ ಹತ್ತಿರ ಎಷ್ಟು ಸಾಕ್ಷಿ ಇತ್ತು! ಆಸ್ಪತ್ರೆಯ ಚೀಟಿ ಇತ್ತು, ಮನೆಯಲ್ಲಿ ಮಷೀನು ಇತ್ತು. ಏನನ್ನೂ ಹೇಳಲಿಲ್ಲ. ಹೇಳಿ ಆಯಿತಲ್ಲ, ಅವರು ನಂಬದಿದ್ದರೆ ನಾನೇನು ಮಾಡಲಿ ಎಂದುಕೊಂಡೆ. ಮೆಟ್ಟಿಲಿಳಿಯುವಾಗ ತಲೆಯ ಮೇಲಿನ ಭಾರ ಇಳಿದ ಹಾಗಿತ್ತು. ನನ್ನ ಜೀವನದಲ್ಲಿ ಅದಕ್ಕಿಂತ ನಾಚಿಕೆಗೇಡಿನ ಸಮಾಧಾನ ಇನ್ನೊಂದಿಲ್ಲ.

ಅಂಗಡಿಗೆ ಬಂದಾಗ ಭಾವ ಹೊಸ ಬೇಸ್ ಒಂದರ ಮುಂದೆ ಸುಮ್ಮನೆ ಕೂತಿದ್ದರು.

‘ಟೀಚರ್ ಮನೆಗೆ ಹೋಗಿದ್ದೆ ಭಾವ’ ಎಂದೆ. ‘ನಾನೇ ಮಾಡಿದ್ದು ಅಂತ ಹೇಳಿದೆ. ಅವರು ನಂಬಲಿಲ್ಲ. ನೀವೇ ನನ್ನನ್ನ ಕಳಿಸಿದ್ದೀರಿ ಅಂದ್ಕೊಂಡ್ರು.’

ಅವರು ತಲೆಯೆತ್ತಿದರು. ಆ ತಿಂಗಳಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು.

‘ಎಷ್ಟು ಸಲ ಹೇಳಿದೆ?’

‘ಒಂದು ಸಲ.’

ಹ್ಞೂ ಎಂದು ಕೆಲಸಕ್ಕೆ ತಿರುಗಿದರು. ಆಮೇಲೆ ಆರು ವರ್ಷ ಅವರು ಅಂಗಡಿ ನಡೆಸಿದರು, ಟೋಪಿ ಮೇಸ್ತ್ರಿ ಎಂಬ ಹೆಸರಿನಲ್ಲೇ ತೀರಿಕೊಂಡರು. ಟೀಚರ್ ಮನೆ ನಮ್ಮ ಅಂಗಡಿಯಿಂದ ಹತ್ತು ನಿಮಿಷದ ದಾರಿ. ಇನ್ನೊಂದು ಸಲ ನಾನು ಹೋಗಲಿಲ್ಲ.