ಬಣ್ಣ ಹಿಡಿಯಬಾರದೆಂದ ಕದೀಜಮ್ಮ

ಕಬಕದ ಕದೀಜಮ್ಮ ನಲವತ್ತು ವರ್ಷಗಳಿಂದ ಮದುಮಗಳಂದಿರ ಕೈಗೆ ಮದರಂಗಿ ಇಟ್ಟವರು. ಅರೆದ ಸೊಪ್ಪೆಲ್ಲ ನೋಡಲು ಒಂದೇ ಹಸಿರು. ಯಾವುದು ಕೆಂಪಾದೀತು, ಯಾವುದು ಸಪ್ಪೆಯಾದೀತು ಎಂಬುದು ಕೈ ತೊಳೆದ ಮೇಲೆಯೇ ಗೊತ್ತು. "ಅಲ್ಲಾಹನೇ, ಬಣ್ಣ ಚೆನ್ನಾಗಿ ಹಿಡಿಯಲಿ" ಎಂದು ಬೇಡದೆ ಅವರು ಯಾವ ಹುಡುಗಿಯ ಕೈಯನ್ನೂ ಮುಟ್ಟಿದವರಲ್ಲ.

ಈ ವರ್ಷ ಆಪರೇಷನ್ ಮಾಡಿ ಅವರ ಹೊಟ್ಟೆಯಿಂದ ಸಣ್ಣ ತೆಂಗಿನಕಾಯಿಯಷ್ಟು ದೊಡ್ಡ ಗಡ್ಡೆಯನ್ನು ತೆಗೆದರು. ಪುತ್ತೂರಿನ ಡಾಕ್ಟರಮ್ಮ ಕದೀಜಮ್ಮನ ಜೊತೆ ಸೊಸೆ ಶಹನಾಳನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಜಠರದ ಗೋಡೆಯಲ್ಲಿ ಬರುವ ಗಡ್ಡೆಗಳು ಮೈಕ್ರೋಸ್ಕೋಪಿನಲ್ಲಿ ಎಲ್ಲ ಒಂದೇ ಹಾಗೆ ಕಾಣುದು. ಒಂದು ಬರೀ ಸ್ನಾಯುವಿನ ಗಂಟು, ತೆಗೆದರೆ ಮುಗೀತು. ಇನ್ನೊಂದು ಜಿಸ್ಟ್ ಅಂತ, ಕ್ಯಾನ್ಸರಿನ ಒಂದು ನಮೂನೆ, ತಿರುಗಿ ಬರುವ ಜಾತಿ. ಗಡ್ಡೆಯ ಚೂರಿಗೆ ಔಷಧಿ ಹಾಕಿ ನೋಡ್ತೇವೆ. ಕಂದು ಬಣ್ಣ ಹಿಡಿದರೆ ಜಿಸ್ಟ್."

"ಮದರಂಗಿಯ ಹಾಗೆ ಅಲ್ವಾ ಡಾಕ್ಟರೇ?" ಕದೀಜಮ್ಮ ಕೇಳಿದರು.

"ಹೌದು ನೋಡಿ, ಹಾಗೆಯೇ."

ಆ ಒಂದು ವಾರ ಕದೀಜಮ್ಮ ನಮಾಜಿನ ಚಾಪೆಯ ಮೇಲೆ ಕೂತು, ಜೀವಮಾನದಲ್ಲಿ ಮೊದಲ ಸಲ, ಬಣ್ಣ ಹಿಡಿಯಬಾರದೆಂದು ಬೇಡಿದರು. ರೂಢಿಯಿಲ್ಲದ ಆ ಮಾತಿಗೆ ನಾಲಿಗೆ ತಡವರಿಸುತ್ತಿತ್ತು.

ವರದಿ ಬಂದ ದಿನ ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ಬಣ್ಣ ಹಿಡಿದಿದೆ ಉಮ್ಮ. ಜಿಸ್ಟೇ. ಆದರೆ ಈ ಜಾತಿಗೆ ಒಳ್ಳೆ ಮಾತ್ರೆ ಉಂಟು. ದಿನಾ ತಿನ್ನಬೇಕು, ಮೂರು ವರ್ಷ."

ಶಹನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕದೀಜಮ್ಮ ಕಲೆಗಟ್ಟಿದ ತಮ್ಮ ಬೆರಳ ತುದಿಗಳನ್ನು ನೋಡಿಕೊಂಡು ಕೇಳಿದರು:

"ಹೇಗೆ ಹಿಡಿದದ್ದು ಡಾಕ್ಟರೇ, ತೆಳುವಾ, ಗಾಢವಾ?"

"ಗಾಢವೇ."

"ನನ್ನ ಕೈಯದ್ದು ಯಾವತ್ತಾದರೂ ತೆಳು ಆದದ್ದುಂಟಾ ಮಗಾ?" ಎಂದು ಸೊಸೆಗೆ ಹೇಳಿ, ಅವರು ಮಾತ್ರೆಯ ಚೀಟಿಗೆ ಕೈ ಚಾಚಿದರು.